ಗೇಮಿನ್ಯಾಗ ರೇಟು ಮೊದಲ, ಹೊಲದಾಗ ರೇಟು ಕಡೀಗೆ

ಧಾರವಾಡ: ಮೊಬೈಲಿನಲ್ಲಿ ಒಕ್ಕಲುತನದ ಗೇಮ್ ಆಡುವ ಹುಡುಗರಿಗೂ, ಎರಿ ಹೊಲದಲ್ಲಿ ಖರೇನ ಕೂರಿಗೆ ಹೂಡುವ ಅವರ ಅಪ್ಪಂದಿರಿಗೂ ಹಂಗಾಮಿನ ಮುಂದೆ ಬರುವ ಪ್ರಶ್ನೆ ಒಂದೇ. ಈ ಸಲ ಏನ್ ಬಿತ್ತೂದು? ಯಾವ ಪೀಕಿಗೆ ರೊಕ್ಕ ಜಾಸ್ತಿ? ಗೇಮಿನಲ್ಲಿ ಇದಕ್ಕೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಅದೇ ಲೆಕ್ಕವನ್ನು ಕಟ್ಟೆ ಮೇಲೆ ಕುಂತು ಬಾಯಲ್ಲೇ ಹಾಕುವ ರೈತರಿದ್ದಾರೆ. ಆದರೂ 2025ರ ಮುಂಗಾರಿಯಲ್ಲಿ ಹೆಸರು ಹಾಕಿದವರೂ ಪೆಟ್ಟು ತಿಂದರು, ಹೆಸರು ಬ್ಯಾಡಂತ ಮೆಕ್ಕೆಜೋಳ ಹಾಕಿದವರೂ ಪೆಟ್ಟು ತಿಂದರು. ರೈತರಿಗೆ ಲೆಕ್ಕ ಬರಂಗಿಲ್ಲ, ಅದಕ್ಕ ಹಿಂಗಾತು ಅನ್ನುವವರು ಒಮ್ಮೆ ಆ ಗೇಮನ್ನೇ ಬಿಚ್ಚಿ ನೋಡಬೇಕು.

ಗೇಮ್ ಅಂದರೆ ಇಲ್ಲಿ 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಒಬ್ಬನೇ ವರ್ಷಗಟ್ಟಲೆ ಕುಳಿತು ಮಾಡಿ, 2016ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಆಟ. ಆಮೇಲೆ ಮೊಬೈಲಿಗೂ ಬಂತು. ಅದರಲ್ಲಿ ವರ್ಷಕ್ಕೆ ನಾಲ್ಕು ಹಂಗಾಮು, ಒಂದೊಂದಕ್ಕೆ 28 ದಿನ. ಹಂಗಾಮು ಮುಗಿದ ಮರುದಿನ ಹೊಲದಲ್ಲಿ ಉಳಿದ ಆ ಹಂಗಾಮಿನ ಪೀಕು ಸತ್ತು ನಿಲ್ಲುತ್ತದೆ. ವಸಂತದಲ್ಲಿ ಆಲೂಗಡ್ಡೆ ಬೀಜಕ್ಕೆ 50 ನಾಣ್ಯ, 6 ದಿನದ ಬೆಳೆ, ಮಾರಿದರೆ 80. ಹೂಕೋಸಿನ ಬೀಜಕ್ಕೆ 80, ಬೆಳೆಯಲು 12 ದಿನ, ಮಾರಿದರೆ 175. ಬೀಜದ ದುಡ್ಡು ಕಳೆದು ದಿನಕ್ಕೆ ಭಾಗಿಸಿದರೆ ಆಲೂಗಡ್ಡೆ ದಿನಕ್ಕೆ 5 ಕೊಡುತ್ತದೆ, ಹೂಕೋಸು ಹತ್ತತ್ತಿರ 8. ಬೇಸಿಗೆಯ ಬ್ಲೂಬೆರಿ ಇವೆರಡಕ್ಕಿಂತ ಜೋರು. 80ರ ಬೀಜ, 13 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 4 ದಿನಕ್ಕೊಮ್ಮೆ. ಒಂದನೇ ತಾರೀಖಿಗೆ ಹಚ್ಚಿದರೆ ನಾಲ್ಕು ಕೊಯ್ಲು, ಪ್ರತಿ ಸಲ 3 ಹಣ್ಣು, ಹಣ್ಣಿಗೆ 50. ಅಲ್ಲಿಗೆ 80 ಹಾಕಿ 600 ತೆಗೆದಂತಾಯಿತು.

ಗೇಮಿನಲ್ಲಿ ತಾರೀಖು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಟ್ರಾಬೆರಿ ಒಳ್ಳೆಯ ಪಾಠ. ಅದರ ಬೀಜ 13ನೇ ತಾರೀಖಿನ ಹಬ್ಬದಲ್ಲಿ ಸಿಗುತ್ತದೆ. ಅವತ್ತೇ ಹಚ್ಚಿದರೆ ಎರಡೇ ಕೊಯ್ಲು. ಬೀಜ ಎತ್ತಿಟ್ಟು ಮರು ವರ್ಷ ಒಂದನೇ ತಾರೀಖಿಗೆ ಹಚ್ಚಿದರೆ ಐದು. ಅದೇ ಬೀಜ, ಅದೇ ಹೊಲ, ಬರೇ ತಾರೀಖಿನ ಫರಕು.

ಜಿಲ್ಲೆಯ ರೈತರಿಗೆ ಈ ದಿನದ ಲೆಕ್ಕ ಹೊಸದಲ್ಲ. ಎರಿ ಭೂಮಿಯ ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಮುಂಗಾರಿ ಹೆಸರು, ಹಿಂಗಾರಿ ಕಡಲೆ ಎಂಬ ಜೋಡಿ ಹುಟ್ಟಿದ್ದೇ ಈ ಲೆಕ್ಕದಿಂದ. ಹೆಸರು 65ರಿಂದ 75 ದಿನದ ಬೆಳೆ. ಜೂನ್‌ನಲ್ಲಿ ಬಿತ್ತಿದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ರಾಶಿ ಮುಗಿದು ಹೊಲ ಖಾಲಿ. ಅಕ್ಟೋಬರ್ ಹಸಿಗೆ ಕಡಲೆ. ನೀರಾವರಿ ಇಲ್ಲದ ಹೊಲದಲ್ಲೂ ವರ್ಷಕ್ಕೆ ಎರಡು ಪೀಕು. ಹತ್ತಿ ಅಥವಾ ಮೆಣಸಿನಕಾಯಿ ಹಾಕಿದರೆ ಜನವರಿ, ಫೆಬ್ರವರಿವರೆಗೆ ಹೊಲ ಕಟ್ಟಿಹಾಕಿದಂಗೆ. ಕಲಘಟಗಿ, ಅಳ್ನಾವರದ ಕಡೆ ಮಳೆ ಹೆಚ್ಚು. ಅಲ್ಲಿ ಭತ್ತ, ಸೋಯಾ, ಮೆಕ್ಕೆಜೋಳದ್ದೇ ಬೇರೆ ಲೆಕ್ಕ.

ಈಗ ಒಂದು ಎಕರೆಗೆ ಗೇಮಿನ ಸೂತ್ರ ಹಚ್ಚಿ ನೋಡಿ. ಹೆಸರು 4 ಕ್ವಿಂಟಲ್, ಮೆಕ್ಕೆಜೋಳ 20 ಕ್ವಿಂಟಲ್ ಬಂತು ಅಂತ ಇಟ್ಟುಕೊಳ್ಳಿ. 2025-26ರ ಬೆಂಬಲ ಬೆಲೆ ಹೆಸರಿಗೆ ಕ್ವಿಂಟಲ್‌ಗೆ 8,768 ರೂ., ಮೆಕ್ಕೆಜೋಳಕ್ಕೆ 2,400 ರೂ. ಹೆಸರಿಗೆ 35,072 ರೂ. ಆಯಿತು, 70 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 500. ಮೆಕ್ಕೆಜೋಳಕ್ಕೆ 48,000 ರೂ.; 115 ದಿನ ಹಿಡಿದರೆ ದಿನಕ್ಕೆ ಸುಮಾರು 417. ಇದು ಖರ್ಚು ಕಳೆಯದ ಲೆಕ್ಕ. ಗೊಬ್ಬರದ ಚೀಲ ಮೆಕ್ಕೆಜೋಳಕ್ಕೇ ಹೆಚ್ಚು ಬೇಕು, ಅದನ್ನೂ ಕಳೆದರೆ ಹೆಸರು ಇನ್ನೂ ಮುಂದೆ. ಮೇಲೆ ಕಡಲೆಗೆ ಹೊಲ ಬೇರೆ ಬಿಟ್ಟುಕೊಡುತ್ತದೆ. ಗೇಮ್ ಆಡುವ ಯಾವ ಹುಡುಗನಾದರೂ ಕಣ್ಣು ಮುಚ್ಚಿ ಹೆಸರನ್ನೇ ಆರಿಸುತ್ತಾನೆ.

ಹಾಗಾದರೆ ಇಷ್ಟೊಂದು ಜನ ಮೆಕ್ಕೆಜೋಳಕ್ಕೆ ಯಾಕೆ ಹೋದರು? ಕಾರಣ ಆಗಸ್ಟ್‌ನ ಮಳೆ. ಗೇಮಿನಲ್ಲಿ ಮಳೆ ಬಂದರೆ ಆಟಗಾರನಿಗೆ ಅವತ್ತು ನೀರು ಹಾಕುವ ಕೆಲಸ ಉಳಿಯಿತು, ಅಷ್ಟೇ. ಕಾಗೆ ಕಾಟಕ್ಕೆ ಒಂದು ಬೆದರುಗೊಂಬೆ ನಿಲ್ಲಿಸಿದರೆ ಮುಗೀತು. (ಚಿಗರಿ, ಕಾಡುಹಂದಿಗಳಿಗೆ ಆ ಗೊಂಬೆ ತೋರಿಸಿ ನೋಡಬೇಕು!) ಇಲ್ಲಿ ಹೆಸರಿನ ಕಾಯಿ ಒಣಗಿ ನಿಂತಾಗ ನಾಲ್ಕು ದಿನ ಜಡಿಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. 2025ರ ಆಗಸ್ಟ್‌ನಲ್ಲಿ ಧಾರವಾಡ, ಗದಗ ಎರಡೂ ಕಡೆ ಆದದ್ದು ಅದೇ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದರಂತೂ ದಂಡೆಯ ಹೊಲದವರಿಗೆ ಹೆಸರಿನ ಜೊತೆ ಮಣ್ಣೂ ಹೋಗುತ್ತದೆ. ಮೆಕ್ಕೆಜೋಳದ ತೆನೆ ಸಿಪ್ಪೆಯೊಳಗೆ ಕುಂತು ಒಂದಿಷ್ಟು ಮಳೆ ತಡೆಯುತ್ತದೆ. ಎಡೆ, ಕಳೆ, ಬಿಡಿಸುವುದು ಅಂತ ಆಳು ಹುಡುಕುವ ತಾಪತ್ರಯವೂ ಕಡಿಮೆ. ದಿನಕ್ಕೆ 80 ರೂಪಾಯಿ ಕಡಿಮೆ ಬಂದರೂ ನಡೀತದ, ಆದರೆ ಕೈಗೆ ಬರಬೇಕು ಎಂದು ಲೆಕ್ಕ ಹಾಕಿದವರನ್ನು ದಡ್ಡರು ಅನ್ನಲು ಆಗುವುದಿಲ್ಲ.

ಆದರೆ ಆ ಲೆಕ್ಕವೂ ಕೈಕೊಟ್ಟಿತು. 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಬರೆದ ಪತ್ರದಲ್ಲಿ ರಾಜ್ಯದಲ್ಲಿ 17.94 ಲಕ್ಷ ಹೆಕ್ಟೇರ್ ಮೆಕ್ಕೆಜೋಳ, 4.16 ಲಕ್ಷ ಹೆಕ್ಟೇರ್ ಹೆಸರು ಬೆಳೆದಿದೆ ಎಂದರು. ಪೇಟೆಯಲ್ಲಿ ಮೆಕ್ಕೆಜೋಳಕ್ಕೆ 1,600ರಿಂದ 1,800 ರೂ., ಹೆಸರಿಗೆ 5,400 ರೂ. ಆಸುಪಾಸು ಸಿಗುತ್ತಿದೆ ಎಂದೂ ಬರೆದರು. ಕೇಂದ್ರವೇ ಬೆಂಬಲ ಬೆಲೆ ಕಟ್ಟುವಾಗ ಲೆಕ್ಕಕ್ಕೆ ಹಿಡಿದ ಖರ್ಚು ಹೆಸರಿಗೆ ಕ್ವಿಂಟಲ್‌ಗೆ 5,845 ರೂ., ಮೆಕ್ಕೆಜೋಳಕ್ಕೆ 1,508 ರೂ. ಅಂದರೆ ಹೆಸರು ಮಾರಿದವನು ಸರ್ಕಾರದ ಲೆಕ್ಕದಲ್ಲೇ ಕ್ವಿಂಟಲ್‌ಗೆ 445 ರೂ. ಕೈಯಿಂದ ಹಾಕಿದ. ಮೆಕ್ಕೆಜೋಳದವನಿಗೆ ಉಳಿದದ್ದು ನೂರು, ಹೆಚ್ಚೆಂದರೆ ಮುನ್ನೂರು. ಪಕ್ಕದ ಲಕ್ಷ್ಮೇಶ್ವರದಲ್ಲಿ ರೈತರು ರಸ್ತೆಗೆ ಇಳಿದದ್ದು ಈ ಮುನ್ನೂರಕ್ಕೇ.

ಗೇಮಿಗೂ ಹೊಲಕ್ಕೂ ಮಳೆಯ ಫರಕು, ಆಳಿನ ಫರಕು ಇದ್ದದ್ದೇ. ಅದಕ್ಕಿಂತ ದೊಡ್ಡದು ರೇಟಿನದು. ಸ್ಟಾರ್‌ಡ್ಯೂದಲ್ಲಿ ಬ್ಲೂಬೆರಿಗೆ 50 ಅಂದರೆ 50. ಹತ್ತು ಮಾರಿದರೂ ಅಷ್ಟೇ, ಹತ್ತು ಸಾವಿರ ಮಾರಿದರೂ ಅಷ್ಟೇ. ಸಂಜೆ ಪೆಟ್ಟಿಗೆಯಲ್ಲಿ ಹಾಕಿದರೆ ಬೆಳಗ್ಗೆ ರೊಕ್ಕ. ಅಡತಿ ಇಲ್ಲ, ಹಮಾಲಿ ಇಲ್ಲ, ತೇವಾಂಶ ನೋಡುವ ಮಶೀನು ಇಲ್ಲ. ಬೀಜ ಕೊಳ್ಳುವಾಗಲೇ ಮಾರುವ ರೇಟು ಗೊತ್ತಿರುವುದಕ್ಕೆ ಆ ಹುಡುಗರ ಲೆಕ್ಕ ಎಂದೂ ಸುಳ್ಳಾಗುವುದಿಲ್ಲ.

ಇಲ್ಲೂ ಬಿತ್ತುವ ಮೊದಲೇ ಒಂದು ರೇಟು ಅಂಟಿಸುತ್ತಾರೆ. 2025-26ರ ಮುಂಗಾರಿ ಬೆಂಬಲ ಬೆಲೆಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2025ರ ಮೇ 28ಕ್ಕೆ. ಜೂನ್ ಬಿತ್ತನೆಗೆ ಸರಿಯಾದ ಟೈಮು. ತೊಂದರೆ ಆಮೇಲೆ ಶುರು. ಹೆಸರು ರಾಶಿ ಆಗಿ ಚೀಲ ತುಂಬಿದ ದಿನ ಖರೀದಿ ಕೇಂದ್ರದ ಬಾಗಿಲು ತೆರೆದಿರುವುದು ಅಪರೂಪ. ರಾಜ್ಯ ಪ್ರಸ್ತಾವ ಕಳಿಸಬೇಕು, ಕೇಂದ್ರ ಒಪ್ಪಬೇಕು, ಆದೇಶ ಬರಬೇಕು, ನೋಂದಣಿ ಆಗಬೇಕು, ಗೋಣಿಚೀಲ ಬರಬೇಕು. ತೆರೆದ ಮೇಲೂ ಎಕರೆಗೆ ಇಷ್ಟೇ, ಒಬ್ಬರಿಗೆ ಇಷ್ಟೇ ಎಂಬ ಮಿತಿ. ತೇವಾಂಶ 12 ದಾಟಿದರೆ ವಾಪಸ್. ಮಳೆಗೆ ಸಿಕ್ಕು ಕಪ್ಪಾದ ಕಾಳಿನ ಚೀಲ ಗುಣಮಟ್ಟದ ಪರೀಕ್ಷೆಯಲ್ಲೇ ನಿಲ್ಲುತ್ತದೆ. ಹೀಗಾಗಿ ಬೆಂಬಲ ಬೆಲೆ ಅತಿ ಹೆಚ್ಚು ಬೇಕಾದ ವರ್ಷವೇ ಅದು ಸಿಗುವುದು ಕಷ್ಟ.

ಕಾಯಬಹುದಲ್ಲ ಅನ್ನುವ ಮಾತು ಬರುತ್ತದೆ. ಕಾಯಲು ಬಿಡದೇ ಇರುವುದು ಮುಂದಿನ ಹಂಗಾಮು. ಅಕ್ಟೋಬರ್‌ಗೆ ಕಡಲೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಲಾವಣಿ ಹಾಕಿಕೊಂಡಿದ್ದರೆ ಹೊಲದ ಮಾಲೀಕನ ದುಡ್ಡು, ಎಲ್ಲಕ್ಕೂ ಹೆಸರಿನ ರೊಕ್ಕವೇ ಆಧಾರ. ಎರಿ ಹೊಲದ ಹಸಿ ಆರಿದರೆ ಕಡಲೆ ಹುಟ್ಟುವುದಿಲ್ಲ. 28ನೇ ದಿನದ ಗಡುವು ಇಲ್ಲೂ ಇದೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಸಿಕ್ಕ ರೇಟಿಗೆ ಕೊಟ್ಟು ಬರುತ್ತಾರೆ, ಕೇಂದ್ರ ತೆರೆಯುವ ಹೊತ್ತಿಗೆ ಮನೆಯಲ್ಲಿ ಚೀಲ ಉಳಿದಿರುವುದು ಕಾಯುವ ತಾಕತ್ತಿದ್ದವರಲ್ಲಿ ಮಾತ್ರ.

'ಫಾರ್ಮಿಂಗ್ ಸಿಮ್ಯುಲೇಟರ್' ಎಂಬ ಇನ್ನೊಂದು ಆಟ ಈ ವಿಷಯದಲ್ಲಿ ಸ್ವಲ್ಪ ಪ್ರಾಮಾಣಿಕ. ಅಲ್ಲಿ ರೇಟು ತಿಂಗಳಿಗೊಂದು, ಒಂದೇ ಕಡೆ ರಾಶಿಗಟ್ಟಲೆ ಸುರಿದರೆ ಇಳಿಯುತ್ತದೆ. ಆದರೆ ಯಾವ ತಿಂಗಳು ರೇಟು ಏರುತ್ತದೆ ಎಂಬ ಗ್ರಾಫನ್ನೂ ಆಟವೇ ತೋರಿಸುತ್ತದೆ. ಆಟಗಾರ ಕಾಳನ್ನು ಗೋದಾಮಿಗೆ ಹಾಕಿ ಆರಾಮ ಕೂರುತ್ತಾನೆ. ಇಲ್ಲಿ ಗೋದಾಮಿನ ರಸೀದಿ ಮೇಲೆ ಅಡಮಾನ ಸಾಲ ಕೊಡುವ ವ್ಯವಸ್ಥೆ ಇದೆ. ಆದರೆ ಐದು ಚೀಲ, ಹತ್ತು ಚೀಲದವರು ಅದಕ್ಕಾಗಿ ಹುಬ್ಬಳ್ಳಿಗೆ ಗಾಡಿ ಬಾಡಿಗೆ ಕೊಟ್ಟು ಅಡ್ಡಾಡಿದರೆ ಉಳಿಯುವುದು ಏನು?

ಗ್ರಾಫ್ ಇಲ್ಲದ ಕಡೆ ಜನ ಹೋದ ವರ್ಷದ ರೇಟನ್ನೇ ಗ್ರಾಫ್ ಅಂದುಕೊಳ್ಳುತ್ತಾರೆ. ಮೆಣಸಿನಕಾಯಿಗೆ ಒಂದು ವರ್ಷ ಬಂಗಾರದ ರೇಟು ಬಂತು ಅಂದರೆ ಮರು ವರ್ಷ ಕುಂದಗೋಳ, ಹಾವೇರಿಯಿಂದ ಬಳ್ಳಾರಿ, ರಾಯಚೂರು ದಾಟಿ ಆಂಧ್ರದವರೆಗೆ ಅದೇ ಅಗಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೂ ಇದರಿಂದ ರಕ್ಷಣೆ ಸಿಗಲಿಲ್ಲ. 2024ರ ಮಾರ್ಚ್ 11ರಂದು ರೇಟು ಕುಸಿದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ಕಲ್ಲು ತೂರಾಟ ನಡೆದು, ವಾಹನಗಳಿಗೆ ಬೆಂಕಿ ಬಿತ್ತು.

ಜಿಲ್ಲೆಗೆ ಇದಕ್ಕಿಂತ ಹಳೆಯ ನೆನಪೂ ಇದೆ. ಡಾ. ಬಿ.ಎಚ್. ಕಾತರಕಿ ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ ಬಂದಾಗ ಅದರಷ್ಟು ಲಾಭದ ಪೀಕು ಇನ್ನೊಂದಿರಲಿಲ್ಲ. ಮಲಪ್ರಭಾ ಕಾಲುವೆಯ ನೀರು ನಂಬಿ ನವಲಗುಂದ, ನರಗುಂದದ ರೈತರು ಅದನ್ನು ಹಾಕಿದರು. ಆ ದಶಕದ ಕೊನೆಗೆ ಹತ್ತಿ ರೇಟು ಬಿತ್ತು, ಅದೇ ಹೊತ್ತಿಗೆ ಸರ್ಕಾರ ಅಭಿವೃದ್ಧಿ ಕರ ಕಟ್ಟಿ ಅಂತ ಬೆನ್ನು ಹತ್ತಿತು. 1980ರ ಜುಲೈ 21ರ ಗೋಲಿಬಾರ್ ನಡೆದದ್ದು ಆ ಹೋರಾಟದಲ್ಲಿ. ನವಲಗುಂದದಲ್ಲಿ ಪ್ರತಿ ವರ್ಷ ಆ ದಿನ ಹುತಾತ್ಮ ರೈತರಿಗೆ ಮಾಲೆ ಹಾಕಲು ಬರುವ ನಾಯಕರು ಹತ್ತಿ ರೇಟಿನ ಭಾಗವನ್ನು ಭಾಷಣದಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಇನ್ನು ದಿಲ್ಲಿಯ ಆಟ. ಉಳ್ಳಾಗಡ್ಡಿ ರಫ್ತಿಗೆ 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರಾ ನಿಷೇಧ, 2024ರ ಮೇನಲ್ಲಿ ನಿಷೇಧ ತೆಗೆದು ಮತ್ತೆ ಸುಂಕ, 2025ರ ಏಪ್ರಿಲ್ 1ರಿಂದ ಸುಂಕವೂ ಇಲ್ಲ. ಹತ್ತಿ ಆಮದಿನ ಶೇ 11 ಸುಂಕಕ್ಕೆ 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ವಿನಾಯಿತಿ. ಕುಂದಗೋಳ, ಹುಬ್ಬಳ್ಳಿ ಸೀಮೆಯಲ್ಲಿ ಹತ್ತಿ ಬಿಡಿಸಿ ಅಮರಗೋಳ ಎಪಿಎಂಸಿಗೆ ತರುವ ಕಾಲವೂ ಅದೇ. ಹೊರದೇಶದ ಹಳದಿ ಬಟಾಣಿ 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಬಂದು ಕಡಲೆಬೇಳೆ, ಹಿಟ್ಟಿನ ಪೇಟೆಯಲ್ಲಿ ಕೂತಿತು. 2025ರ ನವೆಂಬರ್ 1ರಿಂದ ಅದಕ್ಕೆ ಶೇ 30 ಸುಂಕ ಬಿತ್ತು. ಪಟ್ಟಣದವರಿಗೆ ಬೇಳೆ ಸೋವಿ ಸಿಗಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಜೂನ್‌ನಲ್ಲಿ ಬಿತ್ತಿದವನಿಗೆ ಆಗಸ್ಟ್‌ನಲ್ಲಿ ನಿಯಮ ಬದಲಾದರೆ ಅವನು ಹೊಲ ಅಳಿಸಿ ಮತ್ತೆ ಶುರು ಮಾಡಲು ಬರುವುದಿಲ್ಲ. ಗೇಮಿನಲ್ಲಾದರೆ ಹಳೇ ಸೇವ್ ಫೈಲ್ ತೆರೆಯಬಹುದು.

ಹೆಸರಿನ ನಂತರ ಹೊಲದಲ್ಲಿರುವುದು ಕಡಲೆ. ಡಿಸೆಂಬರ್ ಚಳಿಗೆ ಹೂವು, ಕಾಯಿಯ ಹಂತದಲ್ಲಿರುತ್ತದೆ. 2025ರಲ್ಲಿ ಇದರ ಬೆಂಬಲ ಬೆಲೆಯನ್ನು ಅಕ್ಟೋಬರ್ 1ಕ್ಕೇ ಘೋಷಿಸಿದ್ದರು: ಕ್ವಿಂಟಲ್‌ಗೆ 5,875 ರೂ., ಅದರ ಹಿಂದಿನ ಸಲಕ್ಕಿಂತ 225 ಜಾಸ್ತಿ. ರಾಶಿ ಜನವರಿ ಕೊನೆಗೆ ಶುರುವಾಗಿ ಫೆಬ್ರವರಿಯಲ್ಲಿ ಜೋರಾಗುತ್ತದೆ. ಹೆಸರಿನಂತೆ ಮಳೆಯ ನೆಪ ಹೇಳಲು ಆಗ ಬರುವುದಿಲ್ಲ, ಕಾಳು ಒಣಗಿಯೇ ಇರುತ್ತದೆ. ನೋಂದಣಿ ಜನವರಿಯಲ್ಲೇ ಶುರುವಾಗಿ ರಾಶಿಯ ವಾರವೇ ತಕ್ಕಡಿ ಹಚ್ಚಿದರೆ ಅಣ್ಣಿಗೇರಿಯ ರೈತನ ಲೆಕ್ಕ ಗೇಮಿನ ಲೆಕ್ಕದಷ್ಟೇ ಗಟ್ಟಿ. ಅದನ್ನು ಮಾಡಿಸಬೇಕಾದ ಶಾಸಕರು, ಸಂಸದರು ಪ್ರಸ್ತಾವ ಎಲ್ಲಿದೆ ಅಂತ ಕೇಳಲು ಡಿಸೆಂಬರ್ ತಿಂಗಳೇ ಸರಿಯಾದ ಕಾಲ. ಮಾರ್ಚ್‌ನಲ್ಲಿ ಬರೆಯುವ ಪತ್ರ ಪೇಪರಿಗೆ ಸುದ್ದಿಯಾದೀತು, ಅಷ್ಟೊತ್ತಿಗೆ ಕಡಲೆ ವ್ಯಾಪಾರಿಯ ಗೋದಾಮಿನಲ್ಲಿ ಇರುತ್ತದೆ.

ರೈತರು ಈಗಲೇ ನೋಡಿಕೊಳ್ಳಬೇಕಾದ್ದೂ ಇದೆ. ಖರೀದಿ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಕೇಳುತ್ತಾರೆ. ಅದಕ್ಕೆ ಎಲ್ಲ ಸರ್ವೆ ನಂಬರ್ ಜೋಡಣೆ ಆಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಹಿಂಗಾರಿ ಬೆಳೆ ಸಮೀಕ್ಷೆಯಲ್ಲಿ ಹೊಲದ ಮುಂದೆ ಕಡಲೆ ಅಂತಲೇ ಬಿದ್ದಿದೆಯೇ ಎಂಬುದನ್ನೂ ಆ್ಯಪ್‌ನಲ್ಲಿ ನೋಡಬೇಕು. ಕಡಲೆ ಇದ್ದ ಹೊಲಕ್ಕೆ ಜೋಳ ಅಂತ ಬಿದ್ದಿದ್ದರೆ ತಕ್ಷಣ ಆಕ್ಷೇಪಣೆ ಕೊಡಿ. ರಾಶಿ ಆದ ಮೇಲೆ ಹೊಲದಲ್ಲಿ ತೋರಿಸಲು ಗಿಡ ಇರುವುದಿಲ್ಲ.