ತಲೆಗೆ ಎಣ್ಣೆ ಹಚ್ಚದೆ ಬನ್ನಿ

ಮಿದುಳಿನ ವಿದ್ಯುತ್ತನ್ನು ಅಳೆಯುವ ಪ್ರಯೋಗಶಾಲೆಗಳಲ್ಲಿ ಸ್ವಯಂಸೇವಕರಿಗೆ ಕೊಡುವ ಸೂಚನೆ ತೀರ ಮನೆಮಾತಿನದು: ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ. ನೆತ್ತಿಯ ಮೇಲೆ ಎಣ್ಣೆಯ ಪಸೆಯಿದ್ದರೆ ಇಇಜಿ ಯಂತ್ರದ ಎಲೆಕ್ಟ್ರೋಡುಗಳಿಗೆ ಸಂಕೇತ ಸರಿಯಾಗಿ ಸಿಗುವುದಿಲ್ಲ. ಇಂಥ ಲ್ಯಾಬ್ ಸೇರುವ ಎಂಜಿನಿಯರಿಂಗ್ ಪದವೀಧರರ ದಿನಚರಿ ಎಷ್ಟೋ ಸಲ ಆರಂಭವಾಗುವುದು ಇನ್ನೊಬ್ಬರ ತಲೆಗೂದಲು ಸರಿಸಿ ಜೆಲ್ ಹಚ್ಚುವುದರಿಂದ.

ಎಲೆಕ್ಟ್ರಾನಿಕ್ಸ್ ಓದಿದ ಮಗಳಿಗೆ ಮಿದುಳಿನ ಉಸಾಬರಿ ಏಕೆ, ಅದು ಡಾಕ್ಟರುಗಳ ಕೆಲಸವಲ್ಲವೇ ಎಂದು ತಂದೆತಾಯಿ ಕೇಳುವುದು ಸಹಜ. ಉತ್ತರ ಆ ಸಂಕೇತದಲ್ಲೇ ಇದೆ. ನೆತ್ತಿಯ ಮೇಲೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟು ಮಾತ್ರ. ಒಂದು ಮೈಕ್ರೋವೋಲ್ಟ್ ಎಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕಣ್ಣು ಮಿಟುಕಿಸಿದರೆ ಹುಟ್ಟುವ ಸಂಕೇತವೇ ಅದಕ್ಕಿಂತ ದೊಡ್ಡದು. ಸಾಲದ್ದಕ್ಕೆ ಸುತ್ತಲಿನ ತಂತಿಗಳಿಂದ ಸೆಕೆಂಡಿಗೆ 50 ಆವರ್ತನದ ಮನೆ ಕರೆಂಟಿನ ಗುಂಯ್ ಸದ್ದು. ಈ ಸಂತೆಯಲ್ಲಿ ಪಿಸುಮಾತನ್ನು ಹೆಕ್ಕಬೇಕು. 64 ಎಲೆಕ್ಟ್ರೋಡುಗಳಿಂದ ಸೆಕೆಂಡಿಗೆ ಸಾವಿರ ಸಲ ಅಳೆದರೆ ಒಂದು ಗಂಟೆಗೆ 23 ಕೋಟಿ ಅಂಕಿಗಳು. ಆಂಪ್ಲಿಫೈಯರ್, ಫಿಲ್ಟರ್, ಫೋರಿಯರ್ ರೂಪಾಂತರ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆಲ್ಲ ಇಲ್ಲಿ ನಿಜವಾಗಿ ಬೇಕಾಗುತ್ತದೆ. ನರವಿಜ್ಞಾನಕ್ಕೆ ಎಂಜಿನಿಯರುಗಳ ಅಗತ್ಯ ಇರುವುದು ಇದಕ್ಕೇ.

ಈ ನಂಟು ಹೊಸದಲ್ಲ. ಬ್ರಿಟನ್ನಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ ಹರಿಯುವ ಬಗೆಯನ್ನು 1952ರಲ್ಲಿ ಸಮೀಕರಣಗಳಲ್ಲಿ ಬರೆದರು. ಲೆಕ್ಕ ಮಾಡಲು ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಸಿಗದೆ, ಹಕ್ಸ್‌ಲಿ ಕೈಯಿಂದ ತಿರುಗಿಸುವ ಯಂತ್ರದಲ್ಲೇ ವಾರಗಟ್ಟಲೆ ಗುಣಾಕಾರ ಮಾಡಿದರು. 1963ರಲ್ಲಿ ನೊಬೆಲ್ ಬಂತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರ 2009ರಲ್ಲಿ ಆರಂಭವಾಯಿತು. ಅಲ್ಲಿಗೆ ಜೀವಶಾಸ್ತ್ರದವರಷ್ಟೇ ಅಲ್ಲ, ಎಂಜಿನಿಯರಿಂಗ್ ಓದಿದವರೂ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಗೇಟ್, ನೆಟ್‌ನಂಥ ಅರ್ಹತಾ ಪರೀಕ್ಷೆ, ಅನಂತರ ಸಂದರ್ಶನ. ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟವರು ಹೆದರಬೇಕಿಲ್ಲ, ಆರಂಭದಲ್ಲಿ ತರಗತಿಯ ಪಾಠಗಳೂ ಇರುತ್ತವೆ. ಗಣಿತವನ್ನು ಬಿಟ್ಟವರಿಗೆ ಮಾತ್ರ ಹಾದಿ ಕೊಂಚ ಕಡಿದು.

ಹೀಗೆ ಐದಾರು ವರ್ಷಕ್ಕೆ ಕಟ್ಟಿಕೊಳ್ಳುವ ಮೊದಲು ಎರಡು ತಿಂಗಳು ಒಳಗಿದ್ದು ನೋಡುವುದು ಜಾಣತನ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಷಿಪ್ ಇರುವುದು ಇದಕ್ಕೇ. ಪ್ರಾಧ್ಯಾಪಕರಿಗೆ ನೇರವಾಗಿ ಪತ್ರ ಬರೆದು ಕೇಳುವುದೂ ಉಂಟು. ಆದರೆ ಒಂದೇ ಒಕ್ಕಣೆಯ ಪತ್ರವನ್ನು ಐವತ್ತು ಮಂದಿಗೆ ಕಳಿಸಿದರೆ ಅದು ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. 'ತಮ್ಮ ಘನ ಸಂಶೋಧನೆಯಿಂದ ಪ್ರಭಾವಿತನಾಗಿ' ಎಂಬ ಸಾಲಿಗೆ ಬೆಲೆಯಿಲ್ಲ. ಆ ಲ್ಯಾಬಿನ ಒಂದೇ ಒಂದು ಪ್ರಬಂಧ ಓದಿ, ಅರ್ಥವಾಗದ ಒಂದು ಜಾಗವನ್ನು ಹೆಸರಿಸಿ, ತನಗೆ ಏನು ಮಾಡಲು ಬರುತ್ತದೆಂದು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಾಕು. ಕಾಲೇಜಿನ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಮಾಡಿಸಿಕೊಂಡವರು ಈ ನಾಲ್ಕು ಸಾಲಿಗೇ ತಡವರಿಸುತ್ತಾರೆ.

ಇನ್ನು ಮನೆಯವರ ಪ್ರಶ್ನೆ. ಕೇಂದ್ರ ಸರ್ಕಾರದ ಜೂನಿಯರ್ ಫೆಲೋಷಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಹೊಟ್ಟೆಗೆ ತೊಂದರೆಯಿಲ್ಲ. ಆದರೆ ಎಂಜಿನಿಯರಿಂಗ್‌ಗಾಗಿ ಮಾಡಿದ ಸಾಲ ತೀರಬೇಕಾದ ಮನೆಯಲ್ಲಿ, ಜತೆಯವರು ಸಾಫ್ಟ್‌ವೇರ್ ಸೇರಿ ಸೈಟು ನೋಡುತ್ತಿರುವಾಗ, ಈ ಹಣ ಸಣ್ಣದೆನಿಸುವುದು ಸುಳ್ಳಲ್ಲ. ಪಿಎಚ್.ಡಿ. ಮುಗಿದರೂ ಅಧ್ಯಾಪಕ ಹುದ್ದೆ ಖಚಿತವಲ್ಲ. ಕೆಲವರು ವೈದ್ಯಕೀಯ ಉಪಕರಣಗಳ ಕಂಪನಿಗಳತ್ತ, ಕೆಲವರು ದತ್ತಾಂಶ ವಿಶ್ಲೇಷಣೆಯತ್ತ ಹೊರಳುತ್ತಾರೆ. ಇದನ್ನು ಮುಚ್ಚಿಟ್ಟು ಒಪ್ಪಿಸುವುದಕ್ಕಿಂತ ಮೊದಲೇ ಕುಳಿತು ಮಾತಾಡುವುದು ಒಳ್ಳೆಯದು.

ಲ್ಯಾಬ್ ನೋಡಲು ಹೋದ ದಿನ ಪ್ರಾಧ್ಯಾಪಕರ ಜತೆಗಷ್ಟೇ ಮಾತಾಡಿ ಬಸ್ಸು ಹತ್ತಬಾರದು. ಕ್ಯಾಂಟೀನಿನಲ್ಲಿ ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರೊಂದಿಗೆ ಕಾಫಿ ಕುಡಿಯುತ್ತ ಕೇಳಬೇಕಾದ ಪ್ರಶ್ನೆಗಳು ಎರಡು: ಹಿಂದಿನವರಿಗೆ ಮುಗಿಸಲು ಎಷ್ಟು ವರ್ಷ ಹಿಡಿಯಿತು? ನಡುವೆಯೇ ಬಿಟ್ಟುಹೋದವರು ಎಷ್ಟು ಮಂದಿ, ಏಕೆ?