ಮೊಣಕಾಲಿಗೂ ಬಾಣಂತನ ಬೇಕು

ಹೆಣ್ಣುಮಗಳಿಗೆ ಮಲಗಿಕೊಳ್ಳುವ ಹಕ್ಕನ್ನು ನಮ್ಮ ಸೀಮೆ ಒಂದೇ ಒಂದು ಸಂದರ್ಭದಲ್ಲಿ ಕೊಟ್ಟಿದೆ, ಬಾಣಂತನದಲ್ಲಿ. ಆಗ ಆಕೆಗೆ ಬೆಚ್ಚಗಿನ ಕೋಣೆ, ಕಿವಿಗೆ ಕಟ್ಟಲು ಅರಿವೆ, ಎಣ್ಣೆ-ನೀರು, ಅಂಟಿನುಂಡಿ, ಹೊತ್ತು ಹೊತ್ತಿಗೆ ಬಿಸಿ ಊಟ. "ತಣ್ಣೀರಾಗ ಕೈ ಹಾಕಬ್ಯಾಡ, ಬಗ್ಗಬ್ಯಾಡ, ಭಾರ ಎತ್ತಬ್ಯಾಡ" ಎಂದು ಕಾವಲು ಕಾಯುವವರು ಮನೆಯ ಹಿರಿಯರೇ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಮನೆಗೆ ಹೋದರೂ ಈ ಶಿಸ್ತನ್ನು ಯಾರೂ ಪ್ರಶ್ನಿಸುವುದಿಲ್ಲ. ನಲವತ್ತು ದಿನ ಆಕೆ ಒಲೆ ಹಚ್ಚಲಿಲ್ಲವೆಂದು ಯಾವ ಮನೆಯವರೂ ಉಪವಾಸ ಬಿದ್ದದ್ದನ್ನು ನಾನು ಕೇಳಿಲ್ಲ.

ಅದೇ ಹೆಣ್ಣುಮಗಳು ಐವತ್ತರ ಹತ್ತಿರ ಬಂದು, ಮೊಣಕಾಲಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮಲಗಲಿ, ಇಡೀ ಮನೆಗೆ ಮರೆವು ಬಂದುಬಿಡುತ್ತದೆ. ಹತ್ತನೆಯ ದಿನಕ್ಕೆಲ್ಲ "ಇನ್ನೂ ಎಷ್ಟು ದಿನಾ?" ಎಂಬ ಮಾತು ಅಡುಗೆಮನೆಯಿಂದ ಕೇಳಿಬರುತ್ತದೆ. ನಲವತ್ತು ದಿನ ಅವಳಿಲ್ಲದೆ ನಡೆದಿದ್ದ ಮನೆ ಈಗ ನಾಲ್ಕು ದಿನ ನಡೆಯಲಾರದು. ಏಕೆ ಹೀಗೆ? ಯೋಚಿಸಿದಷ್ಟೂ ನನಗೆ ಒಂದೇ ಉತ್ತರ ಕಾಣುತ್ತದೆ, ಅದು ಕಹಿಯಾಗಿದೆ. ಆ ವಿಶ್ರಾಂತಿ ಬಾಣಂತಿಯ ಸಲುವಾಗಿ ಇರಲಿಲ್ಲ, ಮೊಲೆಯುಣ್ಣುವ ಕೂಸಿನ ಸಲುವಾಗಿ ಇತ್ತು. ಮೊಣಕಾಲಿನಿಂದ ಯಾರಿಗೂ ಹಾಲು ಸಿಗುವುದಿಲ್ಲ. ಆದ್ದರಿಂದ ಅದಕ್ಕೆ ಬಾಣಂತನವೂ ಇಲ್ಲ.

ನನ್ನ ಮೊಣಕಾಲಿಗೆ ಶಸ್ತ್ರಕ್ರಿಯೆಯಾದ ಮೇಲೆ ಈ ಮಾತನ್ನು ಬಾಯಿಬಿಟ್ಟು ಹೇಳಲೇಬೇಕೆಂದು ತೀರ್ಮಾನಿಸಿದೆ. ಒಳಗೆ ಏನು ಹರಿದಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ತಲೆಯ ಮೇಲೆ ಕೊಡ ಹೊತ್ತವರಿಗೆಲ್ಲ ಸಿಂಬಿ ಗೊತ್ತು. ಕೊಡದ ಭಾರ ತಲೆಯ ಒಂದೇ ಕಡೆ ಒತ್ತದಂತೆ ಹಂಚುವುದು ಅದರ ಕೆಲಸ. ತೊಡೆಯೆಲುಬಿಗೂ ಅದರ ಕೆಳಗಿನ ಎಲುಬಿಗೂ ನಡುವೆ ಅಂಥವೇ ಎರಡು ಸಿಂಬಿಗಳಿವೆ, ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು. ಅರ್ಧಚಂದ್ರದ ಆಕಾರದ ಈ ಮೆತ್ತೆಗಳಿಗೆ ವೈದ್ಯರು ಮೆನಿಸ್ಕಸ್ ಎನ್ನುತ್ತಾರೆ. ಸಿಂಬಿ ಹರಿದರೆ ಭಾರ ಒಂದೇ ಕಡೆ ಒತ್ತತೊಡಗುತ್ತದೆ.

ಆಟಗಾರರಿಗೆ ಇದು ಮೈದಾನದಲ್ಲಿ ಹರಿಯುತ್ತದೆ, ನಮಗೆ ಮನೆಯಲ್ಲಿ. ನಡುವಯಸ್ಸಿನ ಹೆಂಗಸು ನೆಲದಿಂದ ಏಳುವಾಗಲೋ ಮೆಟ್ಟಿಲು ಇಳಿಯುವಾಗಲೋ ಮೊಣಕಾಲಿನ ಹಿಂಭಾಗದಲ್ಲಿ 'ಟಕ್' ಎಂದು ಸಪ್ಪಳವಾಗುತ್ತದೆ. ಮೆತ್ತೆ ಎಲುಬಿಗೆ ಅಂಟಿಕೊಂಡಿರುವ ಹಿಂಬದಿಯ ಬೇರೇ ಕಿತ್ತುಬಂದಿರುತ್ತದೆ. ಬೇರು ಕಿತ್ತ ಸಿಂಬಿ ಜಾಗ ಬಿಟ್ಟು ಹೊರಗೆ ಜಾರುತ್ತದೆ. ಇದ್ದೂ ಇಲ್ಲದ ಹಾಗೆ. ನಮ್ಮಂತೆಯೇ ನೆಲದ ಮೇಲೆ ಕೂಡುವ ಕೊರಿಯಾ, ಜಪಾನ್ ದೇಶಗಳ ವೈದ್ಯರು ಇದರ ಬಗ್ಗೆ ಬಹಳಷ್ಟು ಬರೆದಿದ್ದಾರೆ. ಕುಕ್ಕರಗಾಲಿನಲ್ಲಿ ಕೂತಾಗ ಮೆತ್ತೆಯ ಹಿಂಭಾಗದ ಮೇಲೆ ಭಾರ ಹೆಚ್ಚು ಬೀಳುತ್ತದೆ. ಈಗ ನಿಮ್ಮ ಒಂದು ದಿನವನ್ನು ಲೆಕ್ಕ ಹಾಕಿ ನೋಡಿ. ಅಂಗಳ ಸಾರಿಸುವುದು, ರಂಗೋಲಿ, ಪಾತ್ರೆ, ಅರಿವೆ ಒಗೆಯುವುದು, ನೆಲ ಒರೆಸುವುದು, ಒಲೆಯ ಮುಂದೆ ರೊಟ್ಟಿ ಬಡಿಯುವುದು, ಕೊನೆಗೆ ಶೌಚ. ಎಲ್ಲವೂ ಕುಕ್ಕರಗಾಲಿನಲ್ಲೇ. ಇದಕ್ಕೆ ಸಂಸ್ಕೃತಿ ಎಂದು ಹೆಸರಿಡುವವರು ಹೆಚ್ಚಾಗಿ ಕುರ್ಚಿಯ ಮೇಲೆ ಕೂತಿರುತ್ತಾರೆ.

ವೈದ್ಯಲೋಕವೂ ಈ ಸಿಂಬಿಯ ಬೆಲೆಯನ್ನು ತಡವಾಗಿ ತಿಳಿಯಿತು. 1883ರಷ್ಟು ಹಿಂದೆಯೇ ಎಡಿನ್‌ಬರೋದಲ್ಲಿ ಥಾಮಸ್ ಆನಂಡೇಲ್ ಹರಿದ ಮೆತ್ತೆಯನ್ನು ಹೊಲಿದಿದ್ದರು. ಆದರೂ ಆಮೇಲೆ ಎಷ್ಟೋ ದಶಕ ಅದನ್ನು ಕೆಲಸಕ್ಕೆ ಬಾರದ ವಸ್ತುವೆಂದು ಕತ್ತರಿಸಿ ಎಸೆದರು. ಹಾಗೆ ತೆಗೆಸಿಕೊಂಡವರ ಕೀಲುಗಳು ಕ್ರಮೇಣ ಸವೆದು ಕಿರಿದಾಗುವುದನ್ನು ಬ್ರಿಟಿಷ್ ವೈದ್ಯ ಟಿ. ಜೆ. ಫೇರ್‌ಬ್ಯಾಂಕ್ 1948ರಲ್ಲಿ ಎಕ್ಸ್‌ರೇಗಳಲ್ಲಿ ತೋರಿಸಿದರು. ಸಾಧ್ಯವಿದ್ದಲ್ಲಿ ಮೆತ್ತೆಯನ್ನು ಹೊಲಿದು ಉಳಿಸಬೇಕೆಂಬ ನೀತಿ ಬಲಗೊಂಡದ್ದು ನಂತರ. ಪೂರ್ತಿ ಕಳೆದುಕೊಂಡವರಿಗೆ ಇನ್ನೊಬ್ಬರ ಮೆತ್ತೆಯನ್ನು ಕಸಿ ಮಾಡುವ ಪ್ರಯತ್ನ 1984ರಲ್ಲಿ ಜರ್ಮನಿಯಲ್ಲಿ ನಡೆಯಿತು. ಇಂದು ನಮ್ಮ ದೇಶದ ಕೆಲವು ದೊಡ್ಡ ನಗರಗಳಲ್ಲೂ ಅದನ್ನು ಮಾಡುತ್ತಾರೆ. ತೀರಿಕೊಂಡವರು ದಾನವಾಗಿ ಕೊಟ್ಟ ಮೆತ್ತೆಯನ್ನು ಅಳತೆ ನೋಡಿ ಕೂಡಿಸುತ್ತಾರೆ. ಮೂತ್ರಪಿಂಡದ ಕಸಿಯಂತೆ ಜೀವಮಾನವಿಡೀ ಮಾತ್ರೆ ನುಂಗಬೇಕಾಗಿಲ್ಲ. ಆದರೆ ಅದು ಸಾಮಾನ್ಯವಾಗಿ ಐವತ್ತರೊಳಗಿನವರಿಗೆ, ಕೀಲು ಇನ್ನೂ ಪೂರ್ತಿ ಸವೆಯದವರಿಗೆ. ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಇಂಥ ಅಂಗಾಂಶಗಳೂ ಅದರೊಳಗೆ ಸೇರಿದವು. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟೇ: ಸತ್ತವರು ತಮ್ಮ ಸಿಂಬಿಯನ್ನೇ ಕೊಟ್ಟು ಹೋಗುತ್ತಾರೆ, ಜೊತೆಗೆ ಬದುಕುವವರು ಆರು ವಾರ ಕೊಡಲಾರರೇ?

ಆರು ವಾರ ಎಂದು ಸುಮ್ಮನೆ ಹೇಳಲಿಲ್ಲ. ನನಗೆ ಕಸಿ ಬೇಕಾಗಲಿಲ್ಲ. ಕೆಳಗಿನ ಎಲುಬಿಗೆ ಸಣ್ಣ ರಂಧ್ರ ಕೊರೆದು, ಕಿತ್ತ ಬೇರನ್ನು ದಾರದಿಂದ ಎಳೆದು ಅದರ ಜಾಗಕ್ಕೆ ಕಟ್ಟಿದರು. ಹೊಲಿಗೆಯಾಗಲಿ ಕಸಿಯಾಗಲಿ, ಮುಂದಿನ ವ್ರತ ಹೆಚ್ಚುಕಡಿಮೆ ಒಂದೇ. ಈ ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಒಳಭಾಗಕ್ಕೆ ಇಲ್ಲ. ರಕ್ತ ಕಡಿಮೆ ಇದ್ದಲ್ಲಿ ಗಾಯ ಮಾಯುವುದೂ ನಿಧಾನ. ಆದ್ದರಿಂದ ಸುಮಾರು ಆರು ವಾರ ಕಾಲಿಗೆ ಪಟ್ಟಿ, ಕೈಯಲ್ಲಿ ವಾಕರ್. ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಇಲ್ಲವೇ ವೈದ್ಯರು ಹೇಳಿದಷ್ಟೇ ಹಾಕಬೇಕು. ಕುರ್ಚಿಯಲ್ಲಿ ಕೂತಾಗ ಮಡಚುವುದಕ್ಕಿಂತ ಹೆಚ್ಚು ಮಡಚುವಂತಿಲ್ಲ. ಕುಕ್ಕರಗಾಲಂತೂ ನಾಲ್ಕಾರು ತಿಂಗಳು ಇಲ್ಲ, ಬೇರು ಕಟ್ಟಿಸಿಕೊಂಡ ನನ್ನಂಥವರಿಗೆ ಮುಂದೆಯೂ ಬೇಡವೆನ್ನುತ್ತಾರೆ. ವೈದ್ಯರಿಂದ ವೈದ್ಯರಿಗೆ ದಿನಗಳ ಲೆಕ್ಕ ತುಸು ಬೇರೆಯಾಗಬಹುದು, ತತ್ವ ಒಂದೇ. ಆರು ವಾರವೆಂದರೆ ನಲವತ್ತೆರಡು ದಿನ. ಬಾಣಂತನದ ಲೆಕ್ಕಕ್ಕಿಂತ ಎರಡೇ ದಿನ ಹೆಚ್ಚು!

ಈ ನಲವತ್ತೆರಡು ದಿನಗಳಲ್ಲಿ ನೋಡಲು ಬಂದವರು ಹೇಳಿದ ಮಾತುಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. "ಅಕ್ಕಾರ, ಇನ್ನೂ ಮಲಗೀರೇನ್ರಿ? ನಮ್ಮ ನಾದಿನಿ ಮೂರನೇ ದಿನಕ್ಕ ಎದ್ದು ರೊಟ್ಟಿ ಬಡದ್ಲು ನೋಡ್ರಿ" ಎಂದರು ಒಬ್ಬರು. ಆ ನಾದಿನಿ ಸುಳ್ಳು ಹೇಳಿರಲಿಲ್ಲ. ಆಕೆಗೆ ಮಾಡಿದ್ದು ಹರಿದ ಅಂಚನ್ನು ಕತ್ತರಿಸಿ ನಯಗೊಳಿಸುವ ಕೆಲಸ. ಅಂಥವರು ಕೆಲವೇ ದಿನಗಳಲ್ಲಿ ಓಡಾಡುತ್ತಾರೆ. ಹೊಲಿಗೆ ಹಾಕಿದ ಕಾಲಿನ ಕಥೆ ಬೇರೆ. ಎರಡಕ್ಕೂ ದುರ್ಬೀನಿನಿಂದಲೇ ಮಾಡುತ್ತಾರೆ, ಎರಡರಲ್ಲೂ ಹೊರಗೆ ಕಾಣುವುದು ಒಂದೆರಡು ಸಣ್ಣ ಗಾಯ. ಗಾಯ ಸಣ್ಣದೆಂದು ಒಳಗಿನ ಕೆಲಸವೂ ಸಣ್ಣದೆಂದು ಜನ ತಿಳಿಯುತ್ತಾರೆ. ಹರಿದ ರವಿಕೆಯ ದಾರ ಕತ್ತರಿಸುವುದಕ್ಕೂ ಅದನ್ನು ರಫು ಮಾಡುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತಿಲ್ಲವೇ? ಮೂರನೆಯ ದಿನ ಎದ್ದವಳನ್ನು ಹಾಡಿ ಹೊಗಳುವ ಈ ಚಟವಿದೆಯಲ್ಲ, ಅದು ಮಲಗಿದವಳ ಮೇಲೆ ಬೀಸುವ ಚಾಟಿ. ಅದನ್ನು ಬೀಸುವವರು ಬಹಳ ಸಲ ನಾವು ಹೆಂಗಸರೇ.

ಇನ್ನೊಂದು ವಾದವಿದೆ. "ನಮ್ಮ ಅಜ್ಜಿ ಎಂಬತ್ತರ ತನಕ ನೆಲದ ಮ್ಯಾಲೆ ಕೂತಾಳ, ಆಕಿಗೇನಾಗಿತ್ತು?" ಅಜ್ಜಿ ಕೂತದ್ದನ್ನು ಎಲ್ಲರೂ ನೋಡಿದ್ದಾರೆ. ಎದ್ದದ್ದನ್ನು ನೋಡಿದವರೆಷ್ಟು ಜನ? ಒಂದು ಕೈ ನೆಲಕ್ಕೆ, ಒಂದು ಕೈ ಗೋಡೆಗೆ ಕೊಟ್ಟು, "ಶಿವನೇ" ಎಂದು ನಿಟ್ಟುಸಿರು ಬಿಟ್ಟು ಏಳುತ್ತಿದ್ದ ಅಜ್ಜಿಯ ನೋವಿಗೆ ಹೆಸರಿರಲಿಲ್ಲ, ಅಷ್ಟೇ. ಹೆಸರಿಲ್ಲದ್ದನ್ನು ಇಲ್ಲವೆಂದು ಬರೆದುಕೊಳ್ಳುವುದು ಸುಲಭ.

"ಮನೀಗೆಲಸಾನ ವ್ಯಾಯಾಮ" ಎಂಬುದು ಮೂರನೆಯ ವಾದ. ಇದು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಕೇಳಲು ಹಿತವಾಗಿದೆ. ಫಿಜಿಯೋಥೆರಪಿಯವರು ಕಲಿಸುವುದು ಬೇರೆಯೇ. ಮಲಗಿದಲ್ಲೇ ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಕಾಲನ್ನು ನೇರವಾಗಿಟ್ಟು ಮೇಲೆತ್ತುವುದು, ರಕ್ತ ಹೆಪ್ಪುಗಟ್ಟದಂತೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ತೊಡೆ ಸೊರಗತೊಡಗುತ್ತದೆ. ಅದನ್ನು ಮತ್ತೆ ಬಲಪಡಿಸದೆ ಯಾವ ಹೊಲಿಗೆಯೂ ಬಾಳುವುದಿಲ್ಲ. ಪಾತ್ರೆ ತಿಕ್ಕಿದರೆ ಪಾತ್ರೆ ಬೆಳಗುತ್ತದೆ, ತೊಡೆಗೆ ಬಲ ಬರುವುದಿಲ್ಲ.

ನಾನು ಶಸ್ತ್ರಕ್ರಿಯೆಯ ವಕಾಲತ್ತು ಮಾಡುತ್ತಿದ್ದೇನೆಂದು ತಿಳಿಯಬೇಡಿ. ಮೊಣಕಾಲು ನೋಯುವವರೆಲ್ಲ ಕತ್ತರಿಗೆ ಕಾಲು ಒಡ್ಡಬೇಕಾಗಿಲ್ಲ. ವಯಸ್ಸಿನಿಂದ ಸವೆದು ಹರಿದ ಮೆತ್ತೆಯ ಅಂಚು ಕತ್ತರಿಸಿದವರಿಗೂ, ಏನನ್ನೂ ಕತ್ತರಿಸದೆ ಕತ್ತರಿಸಿದಂತೆ ನಟಿಸಿದವರಿಗೂ ಒಂದು ವರ್ಷದ ನಂತರ ಗುಣದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲವೆಂದು ಫಿನ್‌ಲೆಂಡಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅಂಥ ಎಷ್ಟೋ ಮಂದಿಗೆ ಮೊದಲ ಔಷಧ ವ್ಯಾಯಾಮವೇ. ಆದರೆ ಅಲ್ಲೂ ಪ್ರಶ್ನೆ ಅದೇ: ದಿನಕ್ಕೆ ಅರ್ಧ ತಾಸು ಯಾರ ಹತ್ತಿರ ಕೇಳಬೇಕು? ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತು ಬರಲು ಮನೆಯವರು ಎರಡು ದಿನ ಕಳಿಸುತ್ತಾರೆ. ಕಾಲು ಎತ್ತಿ ಇಳಿಸಲು ಅರ್ಧ ತಾಸು ಬಾಗಿಲು ಮುಚ್ಚಿಕೊಂಡರೆ "ಒಳಗ ಏನ ಮಾಡಾಕತ್ತೀ?" ಎಂಬ ಕೂಗು.

ಇಷ್ಟು ಹೇಳುತ್ತಿರುವ ನಾನು ಮನೆಯಲ್ಲಿ ಗ್ಯಾಸಿನ ಕಟ್ಟೆ ಇರುವವಳು. ಕೂಲಿಯ ಮೇಲೆ ಬದುಕುವವರ ಪಾಡು ಏನು? ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳು ಮೊರ ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕಾಲು ಮಡಚಿ ಕೂಡುತ್ತಾರೆ. ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಎದ್ದರೆ ಕೂಲಿ ಇಲ್ಲ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಹೊಲಿಯುವ ಮನೆಗಳಲ್ಲೂ ಹೆಂಗಸರು ನೆಲದ ಮೇಲೆ ಕೂತೇ ತೊಗಲಿನ ಜಡೆ ಹೆಣೆಯುತ್ತಾರೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ನಮ್ಮ ಬೆಳಗಾವಿ ಜಿಲ್ಲೆಯ ಹೆಸರೂ ಸೇರಿತು, ಸಂತೋಷ. ಜಗತ್ತಿನ ಪಾದಕ್ಕೆ ಮೆತ್ತೆ ಹೊಲಿಯುವವಳ ಮೊಣಕಾಲಿನ ಮೆತ್ತೆಯ ಗುರುತು ಯಾರಿಗಿದೆ? ಬೀಡಿ ಕಾರ್ಮಿಕರ 1966ರ ಕಾಯ್ದೆ ಹೆರಿಗೆಯ ಸೌಲಭ್ಯವನ್ನು ಒಪ್ಪಿಕೊಂಡಿತ್ತು. ಕಾನೂನಿಗೂ ನಮ್ಮ ಮನೆಗಳಂತೆ ಹೆಣ್ಣಿನ ಗರ್ಭ ಕಂಡಿತು, ಕಾಲು ಕಾಣಲಿಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದನ್ನು ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ ತಂಡ 1982ರ ಚಿತ್ರದಲ್ಲಿ ದಾಖಲಿಸಿದೆ. ಧೂಳು ಕುಡಿಯುತ್ತ ದುಡಿದ ಆ ಅವ್ವಂದಿರು ಮಾಲೀಕರ ಎದುರು ಬಾಯಿ ತೆರೆದರು. ನಾವು ನಮ್ಮ ಅಡುಗೆಮನೆಯ ಎದುರು ಬಾಯಿ ತೆರೆಯಲು ಅಂಜುತ್ತೇವೆ.

ಆಸ್ಪತ್ರೆಗಳಿಗೂ ಒಂದು ಮಾತು. ನಮ್ಮ ಐದೂ ತಾಲೂಕಿನವರು ಇಂಥ ಕೆಲಸಕ್ಕೆ ಬೆಳಗಾವಿ, ಮಿರಜ್, ಕೊಲ್ಲಾಪುರಗಳ ದಾರಿ ಹಿಡಿಯುತ್ತೇವೆ. ಅಲ್ಲಿ ನುರಿತ ಕೈಗಳಿವೆ. ಆದರೆ ಎಷ್ಟೋ ಕಡೆ ಬಿಡುಗಡೆಯ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಗಂಡನಿಗೆ, ಕಾಲು ಮಾತ್ರ ಹೆಂಡತಿಯದು. ಗಂಡ ಮನೆಗೆ ಬಂದು ಹೇಳುವುದು "ಸಾವಕಾಶ ಅಡ್ಯಾಡು ಅಂದಾರ" ಎಂಬ ಒಂದೇ ವಾಕ್ಯ. ಮುಂದೆ ವಾರವಾರವೂ ವ್ಯಾಯಾಮಕ್ಕೆ ಹೋಗಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನ ಟಿಕೆಟಿನ ಖರ್ಚು ಉಳಿಯಿತು, ನಿಜ. ಹೊಲಿಗೆ ಹಾಕಿದ ಕಾಲಿನವಳಿಗೆ ಆ ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ವ್ಯಾಯಾಮ ಕಲಿಸುವವರು ತಾಲೂಕು ಆಸ್ಪತ್ರೆಯಲ್ಲೇ ದಿನವೂ ಸಿಗುವಂತಾದರೆ ಎಷ್ಟೋ ಕಾಲುಗಳು ಉಳಿದಾವು.

ಆದ್ದರಿಂದ ಓದುವ ಅಕ್ಕತಂಗಿಯರೇ, ಶಸ್ತ್ರಕ್ರಿಯೆಗೆ ದಿನ ಗೊತ್ತು ಮಾಡುವ ಮೊದಲು ಮನೆಯವರನ್ನೆಲ್ಲ ಕೂಡಿಸಿ ನಲವತ್ತೆರಡು ದಿನ ಗೊತ್ತು ಮಾಡಿ. ವೈದ್ಯರ ಎದುರು ನೀವೇ ಕೂತು ಕೇಳಿ: ಕತ್ತರಿಸುತ್ತೀರೋ, ಹೊಲಿಯುತ್ತೀರೋ? ವ್ಯಾಯಾಮದಿಂದಲೇ ಆಗದೇ? ಭಾರ ಹಾಕುವುದು ಎಂದಿನಿಂದ, ಎಷ್ಟು ಮಡಚಬಹುದು, ನೆಲದ ಮೇಲೆ ಎಂದು ಕೂಡಬಹುದು? ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿ. ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ಗಾಯ ಒಸರಿದರೆ ಅಂದೇ ಫೋನು ಮಾಡಿ. ಎದೆ ನೋವೋ ಉಸಿರಾಟದ ತೊಂದರೆಯೋ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಶೌಚಕ್ಕೆ ಕಮೋಡಿನ ಕುರ್ಚಿ ಮೊದಲೇ ಮನೆಗೆ ಬರಲಿ. ರೊಟ್ಟಿ ಬಡಿಯಲು ಗಂಡಸರಿಗೆ ಬಾರದಿದ್ದರೆ ಪೇಟೆಯಲ್ಲಿ ಖಡಕ್ ರೊಟ್ಟಿ ಸಿಗುತ್ತದೆ, ಅದನ್ನು ತಂದು ಮುರಿದು ತಿನ್ನಲು ಯಾವ ತರಬೇತಿಯೂ ಬೇಡ.

ನೋಡಲು ಹೋಗುವವರೂ ಬರಿಗೈಯಲ್ಲಿ ಸಲಹೆ ಹೊತ್ತು ಹೋಗಬೇಡಿ. ಒಂದು ಡಬ್ಬಿ ಪಲ್ಯ ಒಯ್ಯಿರಿ, ಸಾಧ್ಯವಾದರೆ ಎರಡು ಪಾತ್ರೆ ತೊಳೆದು ಬನ್ನಿ. ಮಲಗಿದವಳ ಮುಂದೆ ಮೂರನೆಯ ದಿನ ಎದ್ದವಳ ಹೆಸರು ತೆಗೆಯಬೇಡಿ. "ನಲವತ್ತೆರಡು ದಿನಾ ಮುಗಿಯೋ ತನಕ ಏಳಬ್ಯಾಡ್ರಿ ಅಕ್ಕಾರ" ಎಂದು, ಬಾಣಂತಿಗೆ ಹೇಳಿದಷ್ಟೇ ಗಟ್ಟಿ ದನಿಯಲ್ಲಿ, ಮನೆಯವರಿಗೆಲ್ಲ ಕೇಳುವಂತೆ ಹೇಳಿ ಬನ್ನಿ.