ಶೂನ್ಯ ಬಡ್ಡಿ ಸಾಲ ನಮ್ಮ ಮನಿ ಲೆಕ್ಕದಾಗ ಶೂನ್ಯ ಅಲ್ರಿ



ಕಡಲಿ ರಾಶಿ ಮುಗಿಯಾಕ ಬಂದಾವು. ಇನ್ನ ಮಾರ್ಚ್ ಬಂತು. ಮಾರ್ಚ್ ಅಂದ್ರ ನಮ್ಮ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಕಡೆ ಹಳ್ಳಿಯೊಳಗ ಒಂದೇ ಮಾತು: ಸೊಸೈಟಿ ಸಾಲ ತುಂಬೂದು, ಮತ್ತ ಎತ್ತೂದು. ಆ ಓಡಾಟ ಸುರು ಆಗೂಕ ಮೊದಲ ಲೆಕ್ಕದ ಬಗ್ಗೆ ನಾಲ್ಕು ಮಾತು ಬರೀತೀನಿ. ಸ್ವಲ್ಪ ಉದ್ದ ಐತಿ, ಸಮಾಧಾನದಿಂದ ಓದ್ರಿ.

ದಲಾಲಿ ಅಂಗಡಿಯೊಳಗ ನಮ್ಮ ಹೆಸರಿನ ಖಾತೆ ಐತಿ. ಗೊಬ್ಬರದ ಅಂಗಡಿಯೊಳಗ ಉದ್ರಿ ಪುಸ್ತಕ ಐತಿ. ಪಿಕೆಪಿಎಸ್‌ನಾಗ ಸಾಲದ ಖಾತೆ ಐತಿ, ಕಬ್ಬು ಹಾಕಿದವರದ್ದು ಫ್ಯಾಕ್ಟರಿಯೊಳಗ ಐತಿ. ನಮ್ಮ ಲೆಕ್ಕ ಎಲ್ಲಾರೂ ಬರದಿಟ್ಟಾರ, ನಮ್ಮ ಮನ್ಯಾಗ ಮಾತ್ರ ಇಲ್ಲ. ಕೇಳಿದರ "ಎಲ್ಲಾ ತಲಿಯೊಳಗ ಐತಿ" ಅಂತೀವಿ. ತಲಿಯೊಳಗ ಕೊಡೂದು ತಗೊಳ್ಳೂದು ನೆನಪಿರತೈತಿ ಖರೇ. ಆದ್ರ ಈ ವರ್ಷ ನಾವು ಮುಂದ ಹೋದ್ವೋ ಹಿಂದ ಬಂದ್ವೋ ಅನ್ನೂದು ತಲಿಯೊಳಗ ಮೂಡಂಗಿಲ್ಲ. ಅದಕ್ಕ ಹಾಳಿ ಮ್ಯಾಲ ಬರೀಬೇಕು.

ಬಾಳ ಮಂದಿ ಕೈಯಾಗ ರೊಕ್ಕ ಆಡಿದ ವರ್ಷ ಚಲೋ ವರ್ಷ, ಆಡದ ವರ್ಷ ಕೆಟ್ಟ ವರ್ಷ ಅಂತಾರ. ನನ್ನ ಅಭಿಪ್ರಾಯದಾಗ ಈ ಅಳತೀನ ಸರಿ ಇಲ್ಲ. ರೊಕ್ಕ ಬರೂದು ಬ್ಯಾರೆ, ಲಾಭ ಬ್ಯಾರೆ. ಇದನ್ನ ಗುರುತಿಸಲಾರದಕ್ಕ ನಮ್ಮ ಸಾಲ ವರ್ಷಾ ವರ್ಷಾ ಹಂಗ ಉಳಿತೈತಿ.

ಅಢಾವೆ ಅಂದ್ರೇನು?

ಪಿಕೆಪಿಎಸ್ ವಾರ್ಷಿಕ ವರದಿ ಪುಸ್ತಕ ಎಲ್ಲಾರ ಮನ್ಯಾಗೂ ಬಂದಿರತೈತಿ. ಅದರಾಗ ಕೊನೀ ಕಡೆ ಎರಡು ತಖ್ತೆ ಇರತಾವು. ಒಂದು ಲಾಭ-ಹಾನಿ ಪತ್ರಿಕೆ, ಇನ್ನೊಂದು ಅಢಾವೆ ಪತ್ರಿಕೆ. ಲಾಭ-ಹಾನಿ ಅಂದ್ರ ಇಡೀ ವರ್ಷದ ಕತಿ: ಏನು ಗಳಿಸಿದ್ವಿ, ಏನು ಖರ್ಚಾತು. ಅಢಾವೆ ಅಂದ್ರ ಒಂದು ದಿನದ ಫೋಟೋ: ಮಾರ್ಚ್ 31ಕ್ಕ ನಮ್ಮ ಹತ್ರ ಏನೈತಿ, ಯಾರಿಗೆ ಎಷ್ಟು ಕೊಡೂದೈತಿ.

ಅಢಾವೆಯೊಳಗ ಎಡಕ್ಕ ಜವಾಬ್ದಾರಿ, ಬಲಕ್ಕ ಆಸ್ತಿ. ರೊಕ್ಕ ಎಲ್ಲಿಂದ ಬಂತು ಅನ್ನೂದು ಎಡಕ್ಕ, ಅದು ಈಗ ಎಲ್ಲಿ ಕುಂತೈತಿ ಅನ್ನೂದು ಬಲಕ್ಕ. ಎರಡೂ ಕಡೆ ಮೊತ್ತ ಒಂದೇ ಬರಬೇಕು. ನೀವು ತಗೊಂಡ ಒಂದು ಲಕ್ಷ ಸಾಲ ಸೊಸೈಟಿ ಪುಸ್ತಕದಾಗ ಬಲಕ್ಕ, ಆಸ್ತಿ ಅಂತ ಇರತೈತಿ, ಯಾಕಂದ್ರ ಅದು ಅವರಿಗೆ ಬರಬೇಕಾದ ರೊಕ್ಕ. ಅದೇ ಒಂದು ಲಕ್ಷ ನಮ್ಮ ಪುಸ್ತಕದಾಗ ಎಡಕ್ಕ, ಜವಾಬ್ದಾರಿ ಅಂತ ಬರತೈತಿ.

ಈಗ ಒಬ್ಬ ನಾಲ್ಕೆಕರೆ ರೈತನ ಅಢಾವೆ ಮಾಡೂಣು. ತಿಳಿಯಾಕ ಸುಲಭ ಆಗಲಿ ಅಂತ ದುಂಡು ಅಂಕಿ ಹಿಡಿದೀನಿ. ಹೊಲದ ಕಿಮ್ಮತ್ತು ಇದರಾಗ ಹಾಕಂಗಿಲ್ಲ. ಹೊಲ ಮಾರೂದಲ್ಲ, ಅದರ ರೇಟು ಹಾಕಿದರ ಎಲ್ಲಾರೂ ಕೋಟ್ಯಧೀಶರ ಕಾಣ್ತೀವಿ, ಖರೇ ಲೆಕ್ಕ ಮುಚ್ಚಿ ಹೋಗತೈತಿ.

ಆಸ್ತಿ: ಜೋಡೆತ್ತು 1,20,000. ಬೋರಿನ ಸಾಮಾನು, ಪೈಪು 90,000. ಮನ್ಯಾಗಿನ ಕಡಲಿ 30,000. ಕೈಯಾಗ, ಬ್ಯಾಂಕಿನ್ಯಾಗ 20,000. ಒಟ್ಟು 2,60,000.

ಜವಾಬ್ದಾರಿ: ಸೊಸೈಟಿ ಸಾಲ 1,00,000. ಗೊಬ್ಬರದ ಅಂಗಡಿ ಉದ್ರಿ 20,000. ಒಟ್ಟು 1,20,000.

ಆಸ್ತಿಯೊಳಗ ಸಾಲ ಕಳದರ ಉಳಿಯೂದು 1,40,000. ಇದು ಅವನ ಸ್ವಂತ ಬಂಡವಾಳ. ವರ್ಷದಿಂದ ವರ್ಷಕ್ಕ ನೋಡಬೇಕಾದದ್ದು ಈ ಒಂದು ಅಂಕಿ.

ವ್ಯವಹಾರ ಮಾಡಿದಂಗ ಏನೇನು ಬದಲಾಗತೈತಿ

ಒಂದು. ಅವ ಬಂಗಾರ ಇಟ್ಟು 50,000 ಸಾಲ ತಂದ. ಆಸ್ತಿ 3,10,000 ಆತು, ಸಾಲ 1,70,000 ಆತು. ಸ್ವಂತದ್ದು? ಅದೇ 1,40,000. ಸಾಲ ಬಂದ ದಿನ ಮನ್ಯಾಗ ಹಬ್ಬ ಇದ್ದಂಗ ಇರತೈತಿ, ಆದ್ರ ಒಂದು ರೂಪಾಯಿ ಆದಾಯ ಹುಟ್ಟಿಲ್ಲ.

ಎರಡು. ಅದರಾಗ 40,000 ಕೊಟ್ಟು ಹೊಸಾ ಮೋಟರು ತಂದ. ಕೈಯಾಗಿನ ರೊಕ್ಕ ಇಳೀತು, ಬೋರಿನ ಸಾಮಾನು ಏರಿತು. ಆಸ್ತಿ ಒಟ್ಟು 3,10,000 ಇದ್ದಂಗ ಐತಿ. ಸ್ವಂತದ್ದು 1,40,000. "ಈ ವರ್ಷ ಮೋಟರಿನ ಖರ್ಚು ಬಿತ್ತು, ಲುಕ್ಸಾನ ಆತು" ಅನ್ನೂದು ಸರಿ ಅಲ್ಲ. ಆ ಮೋಟರು ಎಂಟು ವರ್ಷ ಬಾಳಿಕಿ ಬಂದರ ವರ್ಷಕ್ಕ 5,000 ಸವಕಳಿ ಹಿಡೀಬೇಕು. ತಂದ ವರ್ಷ 40,000 ಖರ್ಚು ಅಲ್ಲ, ಮುಂದಿನ ಏಳು ವರ್ಷ ಪುಕ್ಕಟೆನೂ ಅಲ್ಲ. ಎತ್ತಿಗೂ ಹಿಂಗ, ಟ್ರ್ಯಾಕ್ಟರಿಗೂ ಹಿಂಗ.

ಮೂರು. ಗೊಬ್ಬರದ ಅಂಗಡಿ ಉದ್ರಿ 20,000 ಮುಟ್ಟಿಸಿದ. ಆಸ್ತಿ 2,90,000, ಸಾಲ 1,50,000. ಸ್ವಂತದ್ದು ಮತ್ತ 1,40,000. ಸಾಲದ ಅಸಲು ತೀರಿಸೂದು ಖರ್ಚು ಅಲ್ಲ. ಖರ್ಚು ಆಗಿದ್ದು ಆ ಗೊಬ್ಬರ ಹೊಲಕ್ಕ ಚೆಲ್ಲಿದಾಗ.

ನಾಲ್ಕು. ಬಂಗಾರದ ಸಾಲದ ಬಡ್ಡಿ 4,000 ತುಂಬಿದ. ಆಸ್ತಿ 2,86,000 ಆತು, ಸಾಲ ಹಂಗ 1,50,000. ಸ್ವಂತದ್ದು 1,36,000ಕ್ಕ ಇಳೀತು. ಖರೇ ಖರ್ಚು ಅಂದ್ರ ಇದು.

ಈಗ ನೋಡ್ರಿ, ಈ ನಾಲ್ಕು ವ್ಯವಹಾರದಾಗ 1,14,000 ರೂಪಾಯಿ ಕೈ ಬದಲಾತು. ಆ ದಿನಕ್ಕ ಅವನ ಬಂಡವಾಳ ಕರಗಿದ್ದು ಬರೀ 4,000. ಹಿಂಗ ರೊಕ್ಕದ ಓಡಾಟ ನೋಡಿ ಲಾಭ ಹಾನಿ ಹೇಳಾಕ ಬರಂಗಿಲ್ಲ.

ಇದಕ್ಕ ಉಲ್ಟಾನೂ ಐತಿ: ರೊಕ್ಕ ಬಂದಿರಂಗಿಲ್ಲ, ಆದಾಯ ಆಗಿರತೈತಿ. ಕಬ್ಬು ಕಡದು ಗಾಡಿ ಹೋತು, ತೂಕದ ಚೀಟಿ ಬಂತು ಅಂದ್ರ ಆ ದಿನಾನ ಅದು ನಿಮ್ಮ ಆದಾಯ. ಬಿಲ್ಲು ಬರೂತನಕ ನಿಮ್ಮ ಅಢಾವೆಯೊಳಗ "ಬರಬೇಕಾದ ಬಾಕಿ" ಅಂತ ಆಸ್ತಿ ಕಡೆ ಕುಂದರಬೇಕು. ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗ ಬಿಲ್ಲು ಕೊಡಬೇಕು, ತಡ ಆದರ ವರ್ಷಕ್ಕ ಶೇ. 15ರ ಬಡ್ಡಿ ಕೂಡಿಸಬೇಕು. ತಾರೀಕು, ಟನ್ನು, ರೇಟು ನಿಮ್ಮ ಪುಸ್ತಕದಾಗ ಇದ್ದರ ಆ ಬಡ್ಡಿ ಕೇಳಾಕ ಬಾಯಿ ಬರತೈತಿ. ಫ್ಯಾಕ್ಟರಿ ಷೇರು ಇದ್ದವರು, ಎಂ.ಕೆ. ಹುಬ್ಬಳ್ಳಿ ಮಲಪ್ರಭಾದ್ದಿರಲಿ ಬ್ಯಾರೆದ್ದಿರಲಿ, ಆ ಷೇರು ಪತ್ರಾನೂ ಆಸ್ತಿ ಕಡೆ ಬರಕೊಳ್ರಿ. ಟ್ರಂಕಿನ್ಯಾಗ ಮಡಿಚಿ ಇಟ್ಟಿದ್ದನ್ನ ಮಕ್ಕಳಿಗೆ ಗೊತ್ತಾಗಲಿ.

ಮಾರ್ಚ್ ತಿಂಗಳ ಓಡಾಟ

ಈಗ ಮುಖ್ಯ ಮಾತಿಗೆ ಬರೂಣು. ಸಹಕಾರಿ ಸಂಘದ ಬೆಳೆಸಾಲಕ್ಕ ರೈತಗ ಬಡ್ಡಿ ಇಲ್ಲ. ಅದರ ಮಿತಿ ಮೊದಲ 3 ಲಕ್ಷ ಇತ್ತು, 2023-24ರ ರಾಜ್ಯ ಬಜೆಟ್ಟಿನ್ಯಾಗ 5 ಲಕ್ಷ ಅಂತ ಮಾಡಿದರು. ಚಲೋ ಯೋಜನೆ, ಅದರಾಗ ಎರಡು ಮಾತಿಲ್ಲ. ಆದ್ರ ಒಂದು ಕರಾರು ಐತಿ: ಹೇಳಿದ ತಾರೀಕಿನೊಳಗ ಪೂರ್ತಿ ತುಂಬಬೇಕು. ತಪ್ಪಿದರ ಬಡ್ಡಿ ಬೀಳತೈತಿ.

ಹಂಗಂತ ಬಾಳ ಮಂದಿ ಏನು ಮಾಡ್ತಾರ? ಮಾಲು ಮಾರಿದ ರೊಕ್ಕ ಯಾವಾಗೋ ಖರ್ಚಾಗಿರತೈತಿ. ಹದಿನೈದು ದಿನದ ಮಟ್ಟಿಗೆ ಒಂದು ಲಕ್ಷ ಕೈಗಡ ತರತಾರ, ಸೊಸೈಟಿಗೆ ತುಂಬತಾರ, ಹೊಸಾ ಸಾಲ ಮಂಜೂರಾದ ಮ್ಯಾಲ ಎತ್ತಿ ಕೈಗಡದವಗ ಕೊಡತಾರ. ಹದಿನೈದು ದಿನಕ್ಕ ಅವಗ 2,000 ಕೊಟ್ಟರು ಅಂತ ಹಿಡೀರಿ.

ಅಢಾವೆಯೊಳಗ ಇದನ್ನ ಬರದು ನೋಡ್ರಿ. ತುಂಬೂಕ ಮೊದಲ ಸೊಸೈಟಿ ಸಾಲ 1,00,000. ಎತ್ತಿದ ಮ್ಯಾಲ ಸೊಸೈಟಿ ಸಾಲ 1,00,000. ನಡುವ ಹದಿನೈದು ದಿನ ಸಾಲದ ಹೆಸರು ಬದಲಾತು ಅಷ್ಟ. ಆಸ್ತಿಯೊಳಗ 2,000 ರೊಕ್ಕ ಹೋತು, ಸ್ವಂತ ಬಂಡವಾಳದಾಗ 2,000 ಹೋತು. ಹತ್ತು ವರ್ಷ ಹಿಂಗ ಮಾಡಿದರ 20,000 ಕೊಟ್ಟಿರತೀವಿ, ಅಸಲು ಒಂದು ರೂಪಾಯಿ ಕಡಿಮಿ ಆಗಿರಂಗಿಲ್ಲ. ಸರಕಾರದ ಕಾಗದದಾಗ ಬಡ್ಡಿ ಶೂನ್ಯ, ನಮ್ಮ ಪುಸ್ತಕದಾಗ ಶೂನ್ಯ ಅಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದೈತಿ. ಬೆಳೆಸಾಲ ಅಂದ್ರ ಬೆಳಿ ಜೋಡಿ ಹುಟ್ಟಿ, ಮಾಲು ಮಾರಿದಾಗ ತೀರಬೇಕಾದ ಸಾಲ. ಹತ್ತು ವರ್ಷ ಬದುಕಿದ ಸಾಲ ಬೆಳೆಸಾಲ ಅಲ್ಲ. ಹಂಗಾದ್ರ ಆ ಒಂದು ಲಕ್ಷ ಎಲ್ಲಿ ಐತಿ? ಬಲಗಡೆ ಆಸ್ತಿ ಪಟ್ಟಿಯೊಳಗ ಹುಡುಕ್ರಿ. ಬೋರಿನ್ಯಾಗ ಐತೇನು, ಎತ್ತಿನ್ಯಾಗ ಐತೇನು, ಪೈಪಿನ್ಯಾಗ ಐತೇನು? ಎಲ್ಲೂ ಸಿಗಲಿಲ್ಲ ಅಂದ್ರ ಅದು ಯಾವುದೋ ಬರಗಾಲದ ವರ್ಷದಾಗ, ಮದವಿಯೊಳಗ, ದವಾಖಾನಿಯೊಳಗ ಹೋಗೇತಿ. ಅದು ಯಾರ ಮನ್ಯಾಗೂ ತಪ್ಪಿದ್ದಲ್ಲ. ಆದ್ರ ಹೋಗಿದ್ದು ಹೋಗೇತಿ ಅಂತ ಹಾಳಿ ಮ್ಯಾಲ ಕಾಣಬೇಕು. ಕಂಡರ ತೀರಿಸೂ ದಾರಿ ಹುಡುಕತೀವಿ.

ನನಗ ತಿಳಿದ ದಾರಿ ಇದು. ಹೆಸರು, ಸೋಯಾ ಮಾರಿದಾಗ, ಹತ್ತಿ ಮಾರಿದಾಗ, ಕಡಲಿ ಮಾರಿದಾಗ, ಪ್ರತಿ ಪಟ್ಟಿಯೊಳಗ ಸೊಸೈಟಿ ಪಾಲು ಅಂತ ತೆಗದು ಬ್ಯಾರೆ ಉಳಿತಾಯ ಖಾತೆಗೆ ಹಾಕ್ರಿ. ಮೊದಲ ವರ್ಷ ಪೂರ್ತಿ ಆಗಂಗಿಲ್ಲ, ಹತ್ತೋ ಇಪ್ಪತ್ತೋ ಸಾವಿರ ಆಗತೈತಿ. ಆ ಮಾರ್ಚಿಗೆ ಕೈಗಡ ಅಷ್ಟು ಕಡಿಮಿ ಆತು. ಮರುವರ್ಷ ಇನ್ನಷ್ಟು ಇಳೀತು. ಸ್ವಂತ ರೊಕ್ಕದಿಂದ ತುಂಬಿ ಎತ್ತಿದವಗ ಮಾತ್ರ ಶೂನ್ಯ ಬಡ್ಡಿ ಖರೇನ ಶೂನ್ಯ.

"ಮನ್ನಾ ಆಗತೈತಿ ತಡೀರಿ" ಅನ್ನೋರೂ ಅದಾರ. 2017ರಾಗ ಸಹಕಾರಿ ಬೆಳೆಸಾಲ 50,000ತನಕ ಮನ್ನಾ ಆತು, 2018ರಾಗ ಮತ್ತೊಮ್ಮೆ ಆತು. ಮನ್ನಾ ಆದಾಗ ಎಡಗಡೆ ಸಾಲ ಇಳದು ಸ್ವಂತದ್ದು ಏರತೈತಿ, ಸಂತೋಷ. ಆದ್ರ ಬರದೇ ಇರೂ ರೊಕ್ಕಾನ ಬಂತು ಅಂತ ಯಾವ ಲೆಕ್ಕದಾಗೂ ಬರಿಯಾಕ ಬರಂಗಿಲ್ಲ.

ನಮ್ಮ ದುಡಿಮಿ ನಾವ ಬರೀಲಿಲ್ಲಂದ್ರ

ಲಾಭ-ಹಾನಿ ಬರಿಯೂವಾಗ ಬೀಜ, ಗೊಬ್ಬರ, ಔಷಧ, ಆಳಿನ ಪಗಾರ, ಡೀಸೆಲ್ ಎಲ್ಲಾರೂ ಬರೀತಾರ. ಬಿಟ್ಟು ಹೋಗೂದು ಮೂರು: ಮನಿ ಮಂದಿ ದುಡಿಮಿ, ಸವಕಳಿ, ಸ್ವಂತ ಹೊಲದ ಲಾವಣಿ.

ದಿಲ್ಲಿಯೊಳಗ ಬೆಂಬಲ ಬೆಲೆ ಶಿಫಾರಸು ಮಾಡೂ ಆಯೋಗದವರು ಖರ್ಚನ್ನ ಮೂರು ನಮೂನಿ ಹಿಡೀತಾರ. ಕೈಯಿಂದ ಕೊಟ್ಟಿದ್ದು ಎ2. ಅದಕ್ಕ ಮನಿ ಮಂದಿ ದುಡಿಮಿ ಕೂಡಿಸಿದರ ಎ2+ಎಫ್‌ಎಲ್. ಸ್ವಂತ ಹೊಲದ ಲಾವಣಿ, ಹಾಕಿದ ಬಂಡವಾಳದ ಬಡ್ಡಿ ಎಲ್ಲಾ ಕೂಡಿದರ ಸಿ2. ರೈತ ಸಂಘಟನೆಗಳು ಸಿ2 ಮ್ಯಾಲ ಅರ್ಧ ಲಾಭ ಕೊಡ್ರಿ, ಸ್ವಾಮಿನಾಥನ್ ಆಯೋಗ ಹೇಳಿದಂಗ ಅಂತಾರ. ಕೇಂದ್ರ ಸರಕಾರ ಕೊಡೂದು ಎ2+ಎಫ್‌ಎಲ್ ಮ್ಯಾಲ. 2025-26ಕ್ಕ ಸೋಯಾ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328. ಅಂದ್ರ ಅವರು ಹಿಡಿದ ಖರ್ಚು 3,552.

ಈಗ ಹೇಳ್ರಿ, ನಿಮ್ಮ ಹೊಲದಾಗ ಒಂದು ಕ್ವಿಂಟಲ್ ಸೋಯಾ ಬೆಳಿಯಾಕ 3,552ಕ್ಕಿಂತ ಹೆಚ್ಚು ಬಿತ್ತೋ ಕಡಿಮಿ ಬಿತ್ತೋ? ಹತ್ತು ಮಂದಿಗೆ ಕೇಳಿದರ ಒಬ್ಬನೂ ಹಾಳಿ ತೋರಸಂಗಿಲ್ಲ. ಬೈಲಹೊಂಗಲ ಚನ್ನಮ್ಮ ಸರ್ಕಲ್‌ನ್ಯಾಗ ಕುಂತು ಧರಣಿ ಮಾಡಾಕ ನಾವು ಗಟ್ಟಿ, ಆದ್ರ ಅಧಿಕಾರಿ "ನಿಮ್ಮ ಖರ್ಚು ಎಷ್ಟ್ರಿ" ಅಂದ್ರ ಅಂದಾಜು ಹೇಳತೀವಿ. ನಮ್ಮ ಹೆಂಗಸರು ಕಳೆ ತೆಗದದ್ದನ್ನ ನಾವ ಬರೀಲಿಲ್ಲಂದ್ರ ದಿಲ್ಲಿಯವರು ಯಾಕ ಬರೀತಾರ?

ಸೊಸೈಟಿ ವರದೀನೂ ಓದ್ರಿ

ಮನಿ ಅಢಾವೆ ತಿಳೀತಂದ್ರ ಸೊಸೈಟಿದ್ದೂ ತಿಳೀತೈತಿ. ಸೆಪ್ಟೆಂಬರ್ 25ರೊಳಗ ವಾರ್ಷಿಕ ಮಹಾಸಭೆ ನಡಿಬೇಕು. ಊಟ ಮಾಡಿ ಸಹಿ ಹಾಕಿ ಬರೂ ಬದಲು ಎರಡು ಅಂಕಿ ನೋಡ್ರಿ: ಸದಸ್ಯರಿಂದ ಬರಬೇಕಾದ ಸಾಲದಾಗ ಸುಸ್ತಿ ಎಷ್ಟು, ಲಾಭ ಅಂತ ತೋರಿಸಿದ್ದರಾಗ ಇನ್ನೂ ಕೈಗೆ ಬರದ ಬಡ್ಡಿ ಎಷ್ಟು. ವಸೂಲಿ ಶೇ. 100 ಅಂತ ಇದ್ದರ ಅದರಾಗ ಮಾಲು ಮಾರಿ ತುಂಬಿದ್ದು ಎಷ್ಟು, ಕೈಗಡ ತಂದು ತುಂಬಿದ್ದು ಎಷ್ಟು ಅನ್ನೂದು ನಮಗ ಗೊತ್ತಿರತೈತಿ, ಪುಸ್ತಕಕ್ಕ ಗೊತ್ತಿರಂಗಿಲ್ಲ. ಸಿಬ್ಬಂದಿ ತಪ್ಪು ಅಂತ ಹೇಳಾಕತ್ತಿಲ್ಲ, ಪುಸ್ತಕದಾಗ ಅದಕ್ಕ ಕಾಲಂ ಇಲ್ಲ ಅಷ್ಟ. 1905ರಾಗ ಗದಗ ಹತ್ರ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರಲ್ಲ, ಅದು ಒಬ್ಬರ ಲೆಕ್ಕ ಒಬ್ಬರು ನೋಡೂ ನಂಬಿಕಿ ಮ್ಯಾಲ ನಿಲ್ಲೂ ಸಂಸ್ಥೆ. ನಾವು ನೋಡಲಿಲ್ಲಂದ್ರ ಬ್ಯಾರೆ ಯಾರು ನೋಡತಾರ?

ಹೆಂಗ ಬರೀಬೇಕು

ಆಪ್ ಬ್ಯಾಡ, ಕಂಪ್ಯೂಟರ್ ಬ್ಯಾಡ. ಇನ್ನೂರು ಪುಟದ ನೋಟಬುಕ್ ಒಂದು ಸಾಕು. ಮುಂದಿನ ಪುಟದಿಂದ ದಿನದ ಕಿರ್ದಿ: ತಾರೀಕು, ಬಂದದ್ದು, ಹೋದದ್ದು, ಯಾವ ಬೆಳಿಗೆ. ನಡುವ ಬೆಳಿಗೊಂದು ಪುಟ. ಹಿಂದಿನ ಪುಟದಾಗ ಮಾರ್ಚ್ 31ರ ಅಢಾವೆ. ಮನಿ ಖರ್ಚು, ಹೊಲದ ಖರ್ಚು ಕೂಡಸಬ್ಯಾಡ್ರಿ. ಮನಿಗೆ ತಗದ ರೊಕ್ಕ ಬ್ಯಾರೆ ಬರೀರಿ.

"ಬರಿಯಾಕ ಯಾರದಾರ?" ಅನಬ್ಯಾಡ್ರಿ. ಮನ್ಯಾಗ ಹೆಣ್ಣಮಕ್ಕಳು ಸ್ತ್ರೀಶಕ್ತಿ ಸಂಘದಾಗ ವಾರಾ ವಾರಾ ಉಳಿತಾಯ, ಸಾಲ, ಕಂತು ತಪ್ಪದ ಬರೀತಾರ. ಈ ಕೆಲಸ ಅವರಿಗೆ ನಮಗಿಂತ ಚಲೋ ಬರತೈತಿ. ಪಿಯುಸಿ ಕಾಮರ್ಸ್ ಓದೂ ಹುಡುಗರಿದ್ದರ ತಾಳೆ ನೋಡಾಕ ಕೊಡ್ರಿ, ಅವರಿಗೂ ಓದಿದ್ದು ಉಪಯೋಗ ಆಗತೈತಿ.

ಬರದರ ಮಳಿ ಬರತೈತೇನು, ರೇಟು ಏರತೈತೇನು ಅಂತ ಕೇಳತಾರ. ಇಲ್ಲ್ರಿ. ಆದ್ರ ಟ್ರ್ಯಾಕ್ಟರ್ ತಗೋಬೇಕೋ ಬಾಡಿಗಿ ತರಬೇಕೋ, ಇನ್ನೊಂದು ಬೋರ್ ಹೊಡಸಬೇಕೋ ಬ್ಯಾಡೋ, ಮಂದಿ ಹೊಲ ಲಾವಣಿ ಹಿಡೀಬೇಕೋ ಬಿಡಬೇಕೋ, ಈ ಮಾತು ಬಂದಾಗ ಹಾಳಿ ಕೈಯಾಗ ಇರತೈತಿ. ಹೊಲ ಮಾರೂ ಹಂತಕ್ಕ ಹೋಗೂಕ ಮೂರ್ನಾಲ್ಕು ವರ್ಷ ಮೊದಲಾ ಸ್ವಂತ ಬಂಡವಾಳ ಇಳಿಯೂದು ಕಣ್ಣಿಗೆ ಬೀಳತೈತಿ.

ಈ ಹಿಂಗಾರಿ ಕಡಲಿಯಿಂದ ಸುರು ಮಾಡ್ರಿ. ಎಕರೆಕ್ಕ ಬಿದ್ದ ಖರ್ಚು, ಬಂದ ಕ್ವಿಂಟಲ್, ಒಂದು ಕ್ವಿಂಟಲ್‌ಗೆ ಬಿದ್ದ ಖರ್ಚು, ಮನಿ ಮಂದಿ ದುಡಿಮಿ ಸಹಿತ ಬರದು ಇಲ್ಲಿ ಕೆಳಗ ಹಾಕ್ರಿ. ಊರಿನ ಹೆಸರು, ಎರಿ ಹೊಲವೋ ಮಸಾರಿಯೋ ಅಷ್ಟು ಸಾಕು. ನಾಲ್ಕು ತಾಲೂಕಿನ ನಲವತ್ತು ರೈತರ ಅಂಕಿ ಕೂಡಿದರ ಮುಂದಿನ ಸಲ ತಹಶೀಲ್ದಾರ ಕಚೇರಿಗೆ ಮನವಿ ಕೊಡೂವಾಗ ಜೋಡಿ ಒಂದು ತಖ್ತೆ ಹಚ್ಚಾಕ ಬರತೈತಿ.